ಕಂಬದ ಸಾಲಿನ ಕೆಳಗೆ

ಹುಡುಗ ಏನನ್ನೋ ಮುಚ್ಚಿಡುತ್ತಿದ್ದಾನೆ. ಕಾಡಿನ ಮೊದಲ ಏರಿನಲ್ಲೇ ಲೈನ್ ಇನ್ಸ್‌ಪೆಕ್ಟರಿಗೆ ಅದು ಖಾತ್ರಿಯಾಯಿತು.

"ಇಲ್ಲಿ ಜಾರುತ್ತೆ, ಕೈ ಕೊಡಿ ಮಾವ."

"ಆಗಲೇ ಮಾವನಾ? ಕೂಸು ಹುಟ್ಟೋ ಮುಂಚೆ ಕುಲಾವಿ!"

ಹುಡುಗ ನಕ್ಕ. ಮಾತು ಮುಗಿಯುವ ಮೊದಲೇ ನಕ್ಕ. ಇನ್ಸ್‌ಪೆಕ್ಟರಿಗೆ ಅದೂ ಹಿಡಿಸಲಿಲ್ಲ.

ವಿದ್ಯುತ್ ಕಂಬಗಳ ಸಾಲು ಕಾಡನ್ನು ಸೀಳಿ, ಹುಲ್ಲುಗಾವಲನ್ನು ದಾಟಿ, ಎರಡು ಬೆಟ್ಟಗಳ ನಡುವಿನ ಕಣಿವೆಬಾಯಿಯವರೆಗೆ ಏರುತ್ತಿತ್ತು. ಹೊಸದಾಗಿ ಸೇರಿದ ಲೈನ್‌ಮನ್ ಯಾರೇ ಆಗಲಿ, ಕಂಬ ಹತ್ತಿಸುವ ಮೊದಲು ಇನ್ಸ್‌ಪೆಕ್ಟರು ಅವನನ್ನು ಈ ಸಾಲಿನ ಕೆಳಗೆ ಒಂದು ಹಗಲು ನಡೆಸುತ್ತಿದ್ದರು. ಪರೀಕ್ಷೆಯೆಂದು ಬಾಯಿಬಿಡುತ್ತಿರಲಿಲ್ಲ. ದಣಿದ ಮನುಷ್ಯನ ನಿಜಬಣ್ಣ ತಾನಾಗಿಯೇ ಬಯಲಾಗುತ್ತದೆ. ಮಗಳನ್ನು ಕೇಳಿಕೊಂಡು ಬಂದವನಿಗೂ ಅದೇ ನಿಯಮ. ಬೆಳಿಗ್ಗೆ ಬಸ್ಸು ಹತ್ತುತ್ತಾ ಅವಳು ಕೈಬೀಸಿದ್ದು ಅವರ ಕಣ್ಣಿಗೆ ಕಟ್ಟಿದಂತಿತ್ತು. ಮೇಲಿನ ತಂಗುದಾಣದಲ್ಲಿ ಕಾದಿರುತ್ತಾಳೆ. ಅಲ್ಲಿಗೆ ತಲುಪುವಷ್ಟರಲ್ಲಿ ಹೌದು ಅಥವಾ ಇಲ್ಲ ಎನ್ನಬೇಕು.

ಹುಡುಗ ದಾರಿ ಬಿಟ್ಟು ಬಂಡೆಯ ಹಿಂದೆ ಸರಿದ. ನೀರು ತುಂಬಿದ ಬಾಟಲಿಯೊಂದಿಗೆ ಮರಳಿದ. ಬಂಡೆಯ ಹಿಂದೆ ಅಡಗಿದ್ದ ಆ ಒರತೆ ಹೊಸಬರ ಕಣ್ಣಿಗೆ ಬೀಳುವಂಥದ್ದಲ್ಲ.

"ಯಾರು ತೋರಿಸಿದ್ರು ನಿಂಗೆ?"

"ತಿಳಿದವರು."

ಬೆವರೊರೆಸಲು ಅವನು ಟೊಪ್ಪಿ ತೆಗೆದ. ಕಿವಿಯ ಪಕ್ಕದಲ್ಲಿ ನರೆ! ಇನ್ಸ್‌ಪೆಕ್ಟರು ಹತ್ತಿರ ಬಂದು ನೋಡಿದರು.

"ವಯಸ್ಸೆಷ್ಟಪ್ಪಾ?"

"ನಿಮ್ಮ ಮಗಳಿಗಿಂತ ಎರಡು ವರ್ಷ ದೊಡ್ಡೋನು, ಅಷ್ಟೇ."

ಹಗಲಿನಲ್ಲೇ ಕಣ್ಣಿಗೆ ಮಣ್ಣೆರಚುತ್ತಾನೆ! ಇನ್ಸ್‌ಪೆಕ್ಟರು ಹೆಜ್ಜೆ ಬಿರುಸುಗೊಳಿಸಿದರು, ನಿಂತರು, ಮತ್ತೆ ನಡೆದರು. ಇಲ್ಲ, ಕೊಡಬಾರದು.

"ನಾನು ಬೇಡ ಅಂದ್ರೆ ಏನ್ ಮಾಡ್ತೀಯ?"

"ಇವತ್ತು ನಿಮ್ಮ ಮನೆ ಒಳಗೆ ಕಾಲಿಡಲ್ಲ. ಇನ್ನೊಂದು ದಿನ ಮತ್ತೆ ಬಂದು ಕೇಳ್ತೀನಿ."

"ಜಿಗಣೆ ಕಣಯ್ಯಾ ನೀನು."

"ನಿಮ್ಮ ಮಗಳೂ ಅದನ್ನೇ ಹೇಳ್ತಾಳೆ."

ಹುಲ್ಲುಗಾವಲಿನ ನಡುವೆ ಏನೋ ಮಿನುಗಿತು. ಇನ್ಸ್‌ಪೆಕ್ಟರು ಅತ್ತ ಹೆಜ್ಜೆಯಿಟ್ಟರು. ಹುಡುಗ ಅವರ ತೋಳು ಹಿಡಿದೆಳೆದ. ಮರುಕ್ಷಣ ಅವರು ಹಿಂದಕ್ಕೆ ಕುಕ್ಕರಿಸಿದ್ದರು. ಹುಲ್ಲಿನಲ್ಲಿ ತುಂಡಾದ ತಂತಿ ಮಲಗಿತ್ತು.

"ಬಿದ್ದ ತಂತಿ ಸತ್ತಿದೆ ಅಂತ ಯಾವತ್ತೂ ನಂಬಬಾರದು, ಮಾವ."

ಅದು ಅವರದೇ ಮಾತು. ಪ್ರತಿ ಲೈನ್‌ಮನ್‌ಗೂ ಅವರು ಹೇಳುತ್ತಿದ್ದ ಮಾತು. ಇವನ ಬಾಯಿಗೆ ಹೇಗೆ ಬಂತು? ಮಗಳು ಬಾಯಿಪಾಠ ಮಾಡಿಸಿರಬೇಕು. ಹುಡುಗ ಅವರನ್ನು ದೂರ ಕರೆದೊಯ್ದು ಕೂರಿಸಿದ, ವಿದ್ಯುತ್ ಕಚೇರಿಗೆ ಫೋನ್ ಮಾಡಿದ. ಅವರ ತೋಳನ್ನು ಮಾತ್ರ ಬಿಟ್ಟಿರಲಿಲ್ಲ. ಆ ಕೈ ನಡುಗುತ್ತಿತ್ತು.

ನಡುಕವನ್ನು ಯಾರೂ ಬಾಯಿಪಾಠ ಮಾಡಿಸಲಾರರು.

ಕಣಿವೆಬಾಯಿಯಲ್ಲಿ ಗಾಳಿ ಮೈಮೇಲೆ ಬೀಳುತ್ತಿತ್ತು. ತಂಗುದಾಣದಿಂದ ಅವಳು ಓಡಿಬಂದಳು. ಅದೇ ಉದ್ದ ಕತ್ತು, ಅದೇ ಅವಸರ. ಇನ್ಸ್‌ಪೆಕ್ಟರು ಅವಳ ತಲೆ ಸವರಿದರು.

"ಹುಡುಗ ಆಗಬಹುದು ಕಣಮ್ಮಾ. ನನ್ನ ಒಪ್ಪಿಗೆ ಇದೆ."

ಅವಳು ಅವರನ್ನು ಬಿಗಿಯಾಗಿ ತಬ್ಬಿಕೊಂಡಳು. ಅವರ ಹೆಗಲ ಮೇಲಿಂದ ಹುಡುಗನತ್ತ ನೋಡಿ ಹೇಳಿದಳು.

"ಅಪ್ಪಾ, ಅಮ್ಮಂಗೆ ಫೋನ್ ಮಾಡಿ ಹೇಳಿ. ಈ ಸಲ ಅಜ್ಜ ನಿಮ್ಮನ್ನ ಒಪ್ಪಿಬಿಟ್ರು!"