ಹೂವಯ್ಯನ ವ್ಯಾನಿನ ಫಾಗ್ ಲೈಟ್

ಇವತ್ತು ತುಂಬಾ ಸುಸ್ತಾಗಿದ್ದೀರಾ? ಹಾಗಾದರೆ ಇದನ್ನು ಓದಿಯೇ ಮಲಗಿ...

ಹೂವಯ್ಯ ಮಡಿಕೇರಿಯಲ್ಲಿ ವ್ಯಾನ್ ಓಡಿಸುತ್ತಾನೆ. ವಯಸ್ಸು ಐವತ್ತು ದಾಟಿದೆ.

ಬೆಳಕು ಹರಿಯುವ ಹೊತ್ತಿಗೆ ಖಾಲಿ ವ್ಯಾನ್ ತೆಗೆದುಕೊಂಡು ಮಾದಾಪುರಕ್ಕೆ ಹೋಗಬೇಕು. ಅಲ್ಲಿ ಕಾಯುತ್ತಿರುವ ಕಿಡ್ನಿ ರೋಗಿಗಳನ್ನು ಹತ್ತಿಸಿಕೊಂಡು ಮಡಿಕೇರಿಯ ಡಯಾಲಿಸಿಸ್ ಸೆಂಟರ್‌ಗೆ ತಲುಪಿಸಬೇಕು. ಮುಗಿದ ಮೇಲೆ ಮತ್ತೆ ಅವರವರ ಮನೆಗೆ...

ಮಳೆಗಾಲ ಬಂತೆಂದರೆ ಆ ರಸ್ತೆಯಲ್ಲಿ ಮಂಜು. ಬಾನೆಟ್‌ನ ಆಚೆ ಏನೂ ಕಾಣುವುದಿಲ್ಲ. ಕಣ್ಣು ಕಿರಿದು ಮಾಡಿ ಓಡಿಸಿ ಓಡಿಸಿ ತಲೆ ಸಿಡಿಯುತ್ತಿತ್ತು. ಹೆಗಲು ಮರಗಟ್ಟಿಹೋಗಿತ್ತು.

"ರಸ್ತೆ ಒಂಚೂರು ಕಂಡ್ರೆ ಸಾಕು ದೇವ್ರೇ... ಇನ್ನೇನೂ ಬೇಡ" ಅಂದುಕೊಳ್ಳುತ್ತಿದ್ದ.

ಒಂದು ದಿನ ಕಾರಿನ ಬಿಡಿಭಾಗಗಳ ಅಂಗಡಿಗೆ ಹೋದ.

"ಎಲ್‌ಇಡಿ ಫಾಗ್ ಲೈಟ್ ಕೊಡಿ. ಯಾವುದು ಎಲ್ಲಕ್ಕಿಂತ ಜಾಸ್ತಿ ಬೆಳಕು ಕೊಡುತ್ತೋ ಅದು."

"ಮಂಜಿಗೆ ಬೇರೆ ಥರದ್ದು ಬರುತ್ತೆ, ತೋರಿಸ್ಲಾ?"

"ತೋರಿಸೋದೆಲ್ಲ ಬೇಡ ಸಾರ್, ನಿಂತ್ಕೊಳ್ಳಕ್ಕೂ ಶಕ್ತಿ ಇಲ್ಲ. ಜಾಸ್ತಿ ಬೆಳಕಿಂದು ಕೊಡಿ. ಬಂಪರ್ ಮೇಲೆ ಎತ್ತರಕ್ಕೇ ಕೂರಿಸಿ, ದೂರಕ್ಕೆ ಬೀಳ್ಲಿ."

ದಣಿದ ಮನುಷ್ಯನ ಜೊತೆ ಯಾರು ವಾದ ಮಾಡುತ್ತಾರೆ? ಕೂರಿಸಿಕೊಟ್ಟರು.

ಮರುದಿನ ಬೆಳಗ್ಗೆ ಮಂಜಿನೊಳಗೆ ಆ ಲೈಟ್ ಹಾಕಿದ.

ಬೆಳಕು ಮಂಜಿಗೆ ಬಡಿದು ಅವನ ಮುಖಕ್ಕೇ ವಾಪಸ್ ಬಂತು! ಎದುರಿಗೆ ಬಿಳಿ ಬಟ್ಟೆ ಕಟ್ಟಿದ ಹಾಗೆ...

ಮೊದಲಿಗಿಂತ ಕಡಿಮೆಯೇ ಕಾಣುತ್ತಿತ್ತು. ಆದರೂ ಆರಿಸಲಿಲ್ಲ. "ಹೊಸದಲ್ವಾ... ಅಭ್ಯಾಸ ಆಗುತ್ತೆ" ಎಂದುಕೊಂಡು ಮುಂದೆ ಹೋದ.

ಒಂದು ತಿರುವಿನಲ್ಲಿ ಎದುರಿನಿಂದ ಸ್ಕೂಟರ್ ಹಾರ್ನ್ ಕೇಳಿಸಿತು. ಅದರ ಬೆನ್ನಿಗೇ ತಗಡು ಉಜ್ಜಿದ ಸದ್ದು...

ಹೂವಯ್ಯ ಬ್ರೇಕ್ ಒತ್ತಿ ಕೆಳಗಿಳಿದು ಓಡಿದ. ಸ್ಕೂಟರ್ ಚರಂಡಿಗೆ ಬಿದ್ದಿತ್ತು. ಪಕ್ಕದ ಹುಲ್ಲಿನ ಮೇಲೆ ಒಬ್ಬ ಹೆಂಗಸು ಬಲಗೈ ಹಿಡಿದುಕೊಂಡು ಕುಳಿತಿದ್ದಳು.

ಅವಳು ಹೆಲ್ಮೆಟ್ ತೆಗೆದಾಗ ಅವನಿಗೆ ಗುರುತು ಸಿಕ್ಕಿತು.

ಜೆಸಿಂತಾ ಸಿಸ್ಟರ್!

ಅವನು ದಿನಾ ಕರೆದೊಯ್ಯುವ ರೋಗಿಗಳಿಗೆ ಡಯಾಲಿಸಿಸ್ ಮಾಡುವ ನರ್ಸ್. ಮಾದಾಪುರದವಳು. ರೋಗಿಗಳು ಬರುವ ಮೊದಲೇ ಮಷೀನ್ ಸಿದ್ಧ ಮಾಡಲು, ಇದೇ ಮಂಜಿನಲ್ಲಿ, ದಿನಾ ಸ್ಕೂಟರ್‌ನಲ್ಲಿ ಹೋಗುತ್ತಿದ್ದಳು.

"ಸಿಸ್ಟರ್... ಬನ್ನಿ, ಈಗ್ಲೇ ಆಸ್ಪತ್ರೆಗೆ..."

"ಬೇಡ ಅಣ್ಣ. ಕೈಗೆ ಪೆಟ್ಟಾಗಿದೆ ಅಷ್ಟೆ, ಜೀವಕ್ಕೇನಿಲ್ಲ. ಮಾದಾಪುರ ಹತ್ರ ಉಂಟಲ್ಲ, ಮೊದಲು ರೋಗಿಗಳನ್ನು ಹತ್ತಿಸಿಕೊಳ್ಳುವ. ಇವತ್ತು ತಪ್ಪಿದ್ರೆ ಅವರಿಗೆ ಉಸಿರು ಕಟ್ಟುತ್ತೆ..."

ನೋವಿನಲ್ಲಿ ತುಟಿ ಕಚ್ಚಿಕೊಂಡೇ ಇನ್ನೊಬ್ಬ ನರ್ಸ್‌ಗೆ ಫೋನ್ ಮಾಡಿ, ಬೇಗ ಬಂದು ಮಷೀನ್ ಶುರು ಮಾಡಲು ಹೇಳಿದಳು.

ಹೂವಯ್ಯ ಆ ಲೈಟ್ ಆರಿಸಿ, ಹಳೆಯ ಹೆಡ್‌ಲೈಟಿನಲ್ಲೇ ನಿಧಾನಕ್ಕೆ ಹೊರಟ.

ಮಾದಾಪುರದಲ್ಲಿ ರೋಗಿಗಳು ಹತ್ತಿದರು. ಅವರಲ್ಲಿ ದಾಕ್ಷಾಯಣಮ್ಮ ಎಂಬ ಅಜ್ಜಿ, ಸಿಸ್ಟರ್ ಕೈ ನೋಡಿದ್ದೇ ತನ್ನ ಶಾಲು ಬಿಚ್ಚಿ ಕೈಗೆ ಆಸರೆ ಕಟ್ಟಿದಳು.

"ಯಾವ ಪಾಪಿ ಮಾಡಿದ್ದು ಮಗಳೇ ಇದನ್ನ?"

"ಇರ್ಲಿ ಬಿಡಿ ಅಜ್ಜಿ" ಎಂದಳು ಜೆಸಿಂತಾ.

ಹೂವಯ್ಯನಿಗೆ ತಡೆಯಲಾಗಲಿಲ್ಲ. ವ್ಯಾನ್ ಬದಿಗೆ ನಿಲ್ಲಿಸಿ, ಹಿಂದೆ ತಿರುಗಿ ಕೈ ಮುಗಿದ.

"ನಾನೇ ಅಜ್ಜಿ. ನನ್ನ ಲೈಟೇ ಅವರ ಕಣ್ಣಿಗೆ ಹೊಡೆದಿದ್ದು... ಕ್ಷಮಿಸಿ ಸಿಸ್ಟರ್."

"ನಂಗೆ ಗೊತ್ತು ಅಣ್ಣ" ಎಂದಳು ಜೆಸಿಂತಾ. "ಆ ಬೆಳಕು ಬಿಟ್ರೆ ನಂಗೆ ಬೇರೆ ಏನೂ ಕಾಣಲೇ ಇಲ್ಲ. ನಿಮಗೂ ಸಾಕಾಗಿದೆ... ನಂಗೂ ಸಾಕಾಗಿದೆ. ಈಗ ಜಗಳ ಆಡ್ಲಿಕ್ಕೆ ಯಾರಿಗೆ ಶಕ್ತಿ ಉಂಟು? ಹೊರಡಿ."

ಬೈದಿದ್ದರೆ ಹೂವಯ್ಯ ತಡೆದುಕೊಳ್ಳುತ್ತಿದ್ದ. ಈ ಮಾತಿಗೆ ಅವನ ಕಣ್ಣು ತುಂಬಿ ಬಂತು...

ಸಿಸ್ಟರ್ ಮಣಿಕಟ್ಟಿನ ಮೂಳೆ ಮುರಿದಿತ್ತು. ಪ್ಲಾಸ್ಟರ್ ಹಾಕಿದರು.

ಅದೇ ದಿನ ಹೂವಯ್ಯ ಮತ್ತೆ ಅಂಗಡಿಗೆ ಹೋದ. ಈ ಸಲ ಅವಸರ ಮಾಡಲಿಲ್ಲ. ಸ್ಟೂಲ್ ಎಳೆದುಕೊಂಡು ಕುಳಿತ.

"ನಂಗೆ ರಸ್ತೆ ಕಾಣ್ಬೇಕು. ಆದ್ರೆ ಎದುರು ಬರೋರ ಕಣ್ಣಿಗೆ ಹೊಡೀಬಾರ್ದು. ಅಂಥದ್ದು ಇದ್ಯಾ?"

ಇತ್ತು. ಅಷ್ಟೇನೂ ಪ್ರಖರವಲ್ಲದ ಹಳದಿ ಲೈಟ್. ಬೆಳಕು ಮೇಲಕ್ಕೆ ಏಳದೆ, ಅಗಲವಾಗಿ ರಸ್ತೆಯ ಮೇಲೇ ಹರಡುವಂಥದ್ದು. ಬಂಪರ್‌ನ ಕೆಳಗೆ, ತುಸು ನೆಲದ ಕಡೆ ಬಾಗಿಸಿ ಕೂರಿಸಿದರು.

ಹೂವಯ್ಯ ಲೈಟ್ ಹಾಕಿಸಿ, ತಾನೇ ವ್ಯಾನಿನ ಎದುರಿನಿಂದ ನಡೆದು ಬಂದ. ಸ್ಕೂಟರ್‌ನವರ ಎತ್ತರಕ್ಕೆ ಬಗ್ಗಿ ನೋಡಿದ. ಕಣ್ಣು ಕುಕ್ಕಲಿಲ್ಲ. "ಇದೇ ಇರ್ಲಿ" ಎಂದ.

ಆಮೇಲೆ ಜೆಸಿಂತಾ ಮನೆಗೆ ಹೋದ.

"ನೀವು ಡ್ಯೂಟಿಗೆ ಸೇರಿದ ಮೇಲೆ, ಕೈಗೆ ಪೂರ್ತಿ ಬಲ ಬರೋ ತನಕ ನನ್ನ ವ್ಯಾನಲ್ಲೇ ಬನ್ನಿ ಸಿಸ್ಟರ್. ಅಲ್ಲೀ ತನಕ ಮಷೀನ್ ಸಿದ್ಧ ಮಾಡೋದನ್ನ ಆ ಇನ್ನೊಬ್ಬ ಸಿಸ್ಟರ್ ನೋಡ್ಕೊಳ್ಲಿ. ಇಲ್ಲ ಅನ್ನಬೇಡಿ."

ಅವಳು ಇಲ್ಲ ಅನ್ನಲಿಲ್ಲ.

ಪ್ಲಾಸ್ಟರ್ ಬಿಚ್ಚಿಸಿಕೊಂಡು ಅವಳು ಕೆಲಸಕ್ಕೆ ಮರಳಿದ ಬೆಳಗ್ಗೆಯೂ ಗಟ್ಟಿ ಮಂಜು. ಹಳದಿ ಬೆಳಕಿನಲ್ಲಿ ರಸ್ತೆಯ ಅಂಚು ತೀರಾ ದೂರಕ್ಕಲ್ಲ, ಸ್ವಲ್ಪವೇ ಕಾಣುತ್ತಿತ್ತು. ಅಷ್ಟು ಸಾಕಿತ್ತು.

ಹಿಂದೆ ಸದ್ದೇ ಇಲ್ಲ. ಹೂವಯ್ಯ ಕನ್ನಡಿಯಲ್ಲಿ ನೋಡಿದ.

ಜೆಸಿಂತಾ, ದಾಕ್ಷಾಯಣಮ್ಮನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ದಿನಾ ರೋಗಿಗಳನ್ನು ನೋಡಿಕೊಳ್ಳುವವಳನ್ನು ಇವತ್ತು ಒಬ್ಬ ರೋಗಿ ನೋಡಿಕೊಳ್ಳುತ್ತಿದ್ದಳು...

"ಹೂವಯ್ಯ, ನಿಧಾನ ಹೋಗಪ್ಪ" ಎಂದಳು ಅಜ್ಜಿ, ಪಿಸುದನಿಯಲ್ಲಿ. "ಇವಳು ಇನ್ನೊಂಚೂರು ಮಲಗ್ಲಿ."

ಹೂವಯ್ಯ ಗೇರ್ ಇಳಿಸಿದ.

*

ನಮ್ಮ ದಾರಿಗೆ ನಾವು ಹಚ್ಚಿಕೊಂಡ ಬೆಳಕು, ಎದುರು ಬರುವವರ ಕಣ್ಣು ಕಟ್ಟದಿರಲಿ.

ನಿಮ್ಮ ಎದುರಿನಿಂದ ದಿನಾ ಬರುವವರೂ ನಿಮ್ಮಷ್ಟೇ ದಣಿದಿರಬಹುದು... ಎಂದಾದರೂ ಅವರ ಜಾಗದಲ್ಲಿ ನಿಂತು ನೋಡಿದ್ದೀರಾ?