ಐದನೆಯ ತಲೆ

ಸಿನಿಮಾಗಳೇ ನೋಡುವವರ ತಲೆ ಎಣಿಸುವ ಕಾಲವದು. ಮನೆಯೊಂದಕ್ಕೆ ನಾಲ್ಕು ತಲೆ. ಒಂದು ಹೆಚ್ಚಾದರೂ ಸಿನಿಮಾ ಓಡುತ್ತಿರಲಿಲ್ಲ. ಗದುಗಿನ ಫಕೀರಪ್ಪ ಸ್ಟೀಲ್ ಡಬ್ಬಿಯೊಳಗೆ ತಾನೇ ಜೋಡಿಸಿದ ಪುಟ್ಟ ಕಂಪ್ಯೂಟರನ್ನು ಟಿವಿಗೆ ಹಚ್ಚಿ, ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳ ಜೊತೆ ಕುಳಿತ. ಪರದೆ ಮತ್ತೆ ಅದನ್ನೇ ಹೇಳಿತು: "ಐದು ಜನರಿದ್ದೀರಿ. ಒಬ್ಬರು ಹೊರಗೆ ಹೋಗಿ."

ಮೂರು ಸಲ ಬಿಚ್ಚಿ ಜೋಡಿಸಿದ್ದಾಯಿತು, ತಲೆ ಎಣಿಸುವ ಕ್ಯಾಮೆರಾ ಬದಲಿಸಿದ್ದಾಯಿತು. "ಇದರ ಮನಿ ಹಾಳಾಗ!" ಎಂದು ಸ್ಕ್ರೂಡ್ರೈವರ್ ಎಸೆದು ಹಿಂದಿರುಗಿ ನೋಡಿದ. ಗೋಡೆಯ ಮೇಲೆ, ಹಾರ ಹಾಕಿದ ಫೋಟೋದೊಳಗಿಂದ, ತೀರಿಕೊಂಡ ಅವ್ವ ಟಿವಿಯನ್ನೇ ನೋಡುತ್ತಿದ್ದಳು.

ಫೋಟೋ ಇಳಿಸಲು ಕೈ ಚಾಚಿದಾಗ ಹೆಂಡತಿ ನೀಲವ್ವ ಗದರಿದಳು: "ಸಿನಿಮಾ ಸಲುವಾಗಿ ಹಡದವ್ವನ್ನ ಹೊರಗ ಹಾಕ್ತೀರೇನು?"

ಫಕೀರಪ್ಪ ಗೊಣಗುತ್ತ ತಾನೇ ಹೊರಬಂದು ಕಟ್ಟೆಯ ಮೇಲೆ ಕುಳಿತ. ಒಳಗೆ ತಕ್ಷಣ ಸಿನಿಮಾ ಶುರುವಾಯಿತು.

"ಸೌಂಡಾದ್ರೂ ಜೋರ ಇಡ್ರೇ!" ಎಂದು ಕೂಗಿದ.