ಅರವತ್ನಾಲ್ಕು ಗುಂಡು

ಐದುನೂರು ಏರ್‌ಗನ್ ಗುಂಡಿನಲ್ಲಿ ಉಳಿದಿದ್ದು ಅರವತ್ನಾಲ್ಕು. ಮಿಕ್ಕವೆಲ್ಲ ಸೀಸದ ಬಿಲ್ಲೆಗಳಾಗಿ ಅಡುಗೆಮನೆ ಕಟ್ಟೆಯ ಮೇಲೆ ಬಿದ್ದಿದ್ದವು. ಪಕ್ಕದಲ್ಲಿ ಸುತ್ತಿಗೆ. ಅದರ ಪಕ್ಕದಲ್ಲಿ ಅತ್ತೆ, ಕೆಲಸ ಮುಗಿಸಿದವರ ಮುಖ ಹೊತ್ತು.

ಸೊಸೆ ಬಾಗಿಲಲ್ಲೇ ನಿಂತಳು. ಬೆಳಗಾದರೆ ಶೂಟಿಂಗ್ ಸ್ಪರ್ಧೆ. ಮೊದಲ ಎಂಟು ಜನ ಫೈನಲ್‌ಗೆ, ಅದರಲ್ಲಿ ಮೂವರು ರಾಜ್ಯ ತಂಡಕ್ಕೆ. ಎರಡು ವರ್ಷ ಕಾದ ದಿನ. ಬುಡದ ಅಂಚು ನಗ್ಗಿದ ಗುಂಡು ಗುರಿ ತಪ್ಪುತ್ತದೆ, ಅಂಥವನ್ನು ಆರಿಸಿ ಎಂದು ಅತ್ತೆಗೆ ಹೇಳಿ ಡ್ಯೂಟಿಗೆ ಹೋಗಿದ್ದವಳೂ ಅವಳೇ.

“ಪಕ್ಕಕ್ಕಿಡಿ ಅಂದಿದ್ದೆ ಅತ್ತೆ. ಜಜ್ಜಿ ಅಂದಿರಲಿಲ್ಲ.”

“ಕೆಟ್ಟ ಮಾಲು ಜಜ್ಜದೆ ಇಟ್ರೆ ಯಾರಾದ್ರೂ ಒಳ್ಳೇದ್ರಲ್ಲಿ ಬೆರೆಸ್ತಾರಮ್ಮ.”

ಅತ್ತೆ ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ಯಂತ್ರಕ್ಕೆ ಹಾಕುವ ಹಿತ್ತಾಳೆ ಬುಷ್‌ಗಳನ್ನು ಆರಿಸಿದವರು. ಕೆಟ್ಟದ್ದನ್ನು ಅಲ್ಲೇ ಜಜ್ಜದಿದ್ದರೆ ಮೇಸ್ತ್ರಿ ಕಣ್ಣು ತಪ್ಪಿಸಿ ಲೋಡಿಗೆ ಸೇರಿಸುತ್ತಿದ್ದ. ಮಾಲು ವಾಪಸು ಬಂದರೆ ಬೈಗುಳ ಮಾತ್ರ ಆರಿಸಿದವರಿಗೆ. ಅಷ್ಟು ವರ್ಷ ಅವರನ್ನು ಹಿಂಡಿಕೊಂಡ ಮಾಲೀಕರು ಒಂದು ದಿನ ಮೆಷಿನ್ ತಂದಿಟ್ಟು, ನಿನ್ನ ಕಣ್ಣು ಇನ್ನು ಸಾಕು ಎಂದು ಗೇಟಿನಾಚೆ ಬಿಟ್ಟರು. ಆಮೇಲೆ ಯಾರೂ ಅವರಿಗೆ ಒಂದು ಸಾಮಾನು ಕೊಟ್ಟು ಆರಿಸಿ ಎಂದಿರಲಿಲ್ಲ.

ಇದು ಸೊಸೆಗೆ ಗೊತ್ತಿತ್ತು. ಅದಕ್ಕೇ ಜಗಳ ನಾಲಿಗೆ ತುದಿಗೆ ಬಂದು ವಾಪಸು ಹೋಯಿತು. ಅವಳ ಬಂದೂಕಿಗೆ ಹೊಂದುವ ಅಳತೆಯ ಗುಂಡು ಊರಿನ ಅಂಗಡಿಯಲ್ಲಿ ಸಿಗುವುದಿಲ್ಲ. ಪಂದ್ಯಕ್ಕೆ ಅರವತ್ತು, ಅದಕ್ಕೂ ಮೊದಲು ಗುರಿ ಕೂರಿಸಿಕೊಳ್ಳಲಿಕ್ಕೆ ನಾಲ್ಕು. ಫೈನಲ್ಲಿನದು ಆಮೇಲಿನ ಮಾತು. ಎಣಿಸಿ ಡಬ್ಬಿ ಮುಚ್ಚಿದಳು.

ಮರುದಿನ ಅಕ್ಕಪಕ್ಕದವರು ಗುರಿ ಕೂರಿಸಲೆಂದೇ ಮೂವತ್ತು, ನಲವತ್ತು ಹೊಡೆಯುತ್ತಿದ್ದರೆ, ಇವಳು ನಾಲ್ಕೇ ಹೊಡೆದು ಕೂತಳು. ಕೋಚ್ ಹಣೆ ಚಚ್ಚಿಕೊಂಡ. ಆಮೇಲೆ ಅರವತ್ತು. ಹೆಚ್ಚಿಗೆ ಒಂದೂ ಇಲ್ಲ ಎಂಬುದಕ್ಕೋ ಏನೋ, ಕೈ ಒಮ್ಮೆಯೂ ಅವಸರಪಡಲಿಲ್ಲ. ಆರನೆಯವಳಾಗಿ ಫೈನಲ್‌ಗೆ ಬಂದಳು. ಡಬ್ಬಿ ಖಾಲಿ.

ಇನ್ನೂ ಹೊಡೀಬೇಕಾ ಎಂದು ಜೊತೆಗೆ ಬಂದಿದ್ದ ಅತ್ತೆ ಕೇಳಿದರು. ಕನಿಷ್ಠ ಇಪ್ಪತ್ತೈದಾದರೂ ಬೇಕು ಎಂದು ತಿಳಿದಾಗ ಅವರ ಮುಖ ಮೊದಲ ಸಲ ಸಣ್ಣದಾಯಿತು.

ಪಕ್ಕದ ಲೇನಿನ ಹುಡುಗಿ ಐದನೆಯವಳು, ತಂಡದ ಜಾಗಕ್ಕೆ ಇವಳ ನೇರ ಎದುರಾಳಿ. ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಂದೂ ಅದೇ ಅಳತೆ ಎಂದು ಸೀಲ್ ಒಡೆಯದ ಡಬ್ಬಿಯೊಂದನ್ನು ಕೊಟ್ಟಳು. ಫೈನಲ್‌ಗೆ ಇನ್ನೂ ಅರ್ಧ ಗಂಟೆ ಇತ್ತು. ಆರಿಸಲು ಅತ್ತೆ ಕನ್ನಡಕ ಒರೆಸಿಕೊಳ್ಳುವುದನ್ನು ನೋಡುತ್ತಾ ನಿಂತ ಆ ಹುಡುಗಿ, ತಾನು ಹೊಡೆಯಬೇಕಿದ್ದ ಡಬ್ಬಿಯನ್ನೂ ಮೇಜಿನ ಮೇಲಿಟ್ಟಳು.

“ಅಮ್ಮಾ, ನಂದೂ ಸ್ವಲ್ಪ ಆರಿಸಿಕೊಡ್ತೀರಾ? ಜಜ್ಜಬೇಡಿ, ಅಷ್ಟೇ.”

ಅತ್ತೆ ಸೊಸೆಯ ಮುಖ ನೋಡಲಿಲ್ಲ. ಕುರ್ಚಿ ಎಳೆದು ಗೋಡೆಯ ಕಡೆ ತಿರುಗಿ ಕೂತರು.

“ಎರಡೂ ಡಬ್ಬಿ ಅದಲುಬದಲು ಮಾಡಿ ಇಡಿ. ಯಾವುದು ಯಾರದು ಅಂತ ನಂಗೆ ಹೇಳ್ಬೇಡಿ. ಗೊತ್ತಾದ್ರೆ ಕೈ ನಮ್ಮವಳ ಕಡೆ ವಾಲುತ್ತೆ.”